ಗಾದಿಯ ಅಂಚಿನವರೆಗೆ

೧೮ ನವೆಂಬರ್ ೨೦೨೫, ಮಂಗಳವಾರ

ಮಾಹಿರಾ ಆಪಾ ಬೈದಿದ್ದರೆ ಚೆನ್ನಾಗಿತ್ತು.

ಇಪ್ಪತ್ತು ವರ್ಷದಿಂದ ನಮ್ಮ ಶಿವಾಜಿನಗರದ ಅಂಗಡಿಯಲ್ಲೇ ಬಟ್ಟೆ ಕೊಳ್ಳುವವರು. ಕಾಲು ಹೋದ ಮೇಲೆ ಇವತ್ತೇ ಮೊದಲ ಸಲ ವೀಲ್‌ಚೇರ್‌ನಲ್ಲಿ ಬಂದರು, ಮಗಳ ಜೊತೆ, ಅವಳ ಮದುವೆ ಬಟ್ಟೆಗೆ.

ಅಂಗವಿಕಲರ ಕಾನೂನಿನ ನೋಟಿಸ್ ಬಂತೆಂದು ಹೋದ ತಿಂಗಳು ರ‍್ಯಾಂಪ್ ಕಟ್ಟಿಸಿದ್ದೆ. ಇಳಿಜಾರು ಸರಿಯಾಗಿದೆ, ಕಂಬಿಯೂ ಇದೆ. ತಪಾಸಣೆಗೆ ಬಂದವರು ಅಳೆದು, ಫೋಟೊ ತೆಗೆದುಕೊಂಡು ಹೋಗಿದ್ದರು. ಇವತ್ತು ಅದರ ತುಂಬ ಗಿರಾಕಿಗಳ ಚಪ್ಪಲಿ. ನಾನೇ ಸರಿಸಿ, ಹೆಮ್ಮೆಯಿಂದಲೇ ಕುರ್ಚಿ ತಳ್ಳಿಕೊಂಡು ಬಾಗಿಲಿಗೆ ಬಂದೆ.

ಒಳಗೆ ಅಪ್ಪನ ಕಾಲದಿಂದ ಗೋಡೆಯಿಂದ ಗೋಡೆಗೆ ಹಾಸಿದ ಬಿಳಿ ಗಾದಿ. ಎಲ್ಲರೂ ಅದರ ಮೇಲೆ ಕೂತೇ ಬಟ್ಟೆ ನೋಡುವುದು. ನನ್ನ ಕೈ ತಾನಾಗಿ ನಿಂತಿತು.

ಅವರು ಚಕ್ರ ನೋಡಿಕೊಂಡರು. "ಬೇಡ ಬಿಡಿ ವಾಜಿದ್ ಭಾಯ್, ಮಣ್ಣಾಗುತ್ತೆ. ಇಲ್ಲೇ ತೋರ್ಸಿ."

ಇಲ್ಲೇ ಅಂದರೆ ಚಪ್ಪಲಿಗಳ ನಡುವೆ. ಪರವಾಗಿಲ್ಲ ಬನ್ನಿ ಎನ್ನಲು ನನಗೆ ಬಾಯಿ ಬರಲಿಲ್ಲ. ನಿನ್ನೆ ತಾನೇ ಒಗೆಸಿದ ಹೊದಿಕೆ ನೆನಪಾಯಿತು. ಮಗಳು ಒಳಗೆ ಕೂತು ಆರಿಸಿದಳು, ತಾಯಿ ಬಾಗಿಲಲ್ಲೇ ತಲೆಯಾಡಿಸಿದರು.

ನಾಳೆ ಅರ್ಧ ಗಾದಿ ಎತ್ತಿಸುತ್ತೇನೆ. ಆದರೆ ಆಪಾಗೆ ಫೋನ್ ಮಾಡಿ ಏನೆಂದು ಕರೆಯಲಿ? ಹೊರಡುವಾಗ ನಗುತ್ತಲೇ ಅಂದರಲ್ಲ, "ರ‍್ಯಾಂಪ್ ಚೆನ್ನಾಗಿ ಕಟ್ಸಿದ್ದೀರಿ ಭಾಯ್. ವಾಪಸ್ ಹೋಗೋಕೆ ಸುಲಭ ಆಯ್ತು."