ಗೋಡೆ ಹಾರುವ ತಮ್ಮನಿಗೆ

ಶಹಾಬಾದ
೧೨ ಮಾರ್ಚ್ ೧೯೭೨

ಪ್ರೀತಿಯ ತಮ್ಮ ಶಿವರಾಯನಿಗೆ,

ಆರೋಗ್ಯವಾಗಿದ್ದೀಯಾ? ಸಿಕಂದರಾಬಾದಿನ ಅನ್ನ ಹೊಟ್ಟೆಗೆ ಒಗ್ಗಿತೇ? ಊರಿಗೆ ಬಂದಾಗಲೆಲ್ಲ ಒಲೆಯ ಮುಂದೆಯೇ ಕೂತು, ರೊಟ್ಟಿ ಬುಟ್ಟಿಗೆ ಬೀಳುವ ಮೊದಲೇ ಎತ್ತಿಕೊಳ್ಳುತ್ತಿದ್ದವನು ನೀನು. ಇಲ್ಲಿ ಅಪ್ಪ ಆರಾಮಿದ್ದಾನೆ. ಸೊಂಟ ನೋವು ಎನ್ನುತ್ತಲೇ ಗಣಿಗೆ ಹೋಗುತ್ತಾನೆ.

ನಿನ್ನ ಪತ್ರವನ್ನು ಅಪ್ಪನಿಗೂ ಓದಿ ಹೇಳಿದೆ. ದೂರದ ಓಟ ಬಿಟ್ಟು ಸ್ಟೀಪಲ್‌ಚೇಸ್ ಹಿಡಿ ಎಂದು ನಿಮ್ಮ ಕೋಚ್ ಹೇಳುತ್ತಿದ್ದಾರೆಂದು, ಅಡ್ಡ ಇಟ್ಟ ಕಟ್ಟಿಗೆ ಹಾರಬೇಕು, ನೀರಿನ ಗುಂಡಿಯನ್ನೂ ದಾಟಬೇಕೆಂದು ಬರೆದಿದ್ದೀ. ಒಪ್ಪದಿದ್ದರೆ ರೈಲ್ವೆ ತಂಡದಿಂದ ಹೊರಬಿದ್ದು ವಾಡಿಯ ರೈಲು ಶೆಡ್ಡಿನ ಕೆಲಸಕ್ಕೆ ಮರಳಬೇಕಾದೀತು. ಮೊಣಕಾಲು ತಾಳುವುದಿಲ್ಲ, ಬೇಡ ಅಂದುಬಿಡಲೇ ಅಕ್ಕಾ ಎಂದು ಕೇಳಿದ್ದೀ. ನಿನ್ನ ಮೊಣಕಾಲಿಗೆ ಏನೂ ಆಗಿಲ್ಲವೆಂದು ನನಗೆ ಗೊತ್ತು.

ನೆನಪಿದೆಯೇ, ಶಾಲೆಗೆ ರಜೆ ಬಿಟ್ಟರೆ ನಾವಿಬ್ಬರೂ ಅಪ್ಪನಿಗೆ ಬುತ್ತಿ ಒಯ್ಯುತ್ತಿದ್ದೆವು. ಗಣಿಯ ಹಾದಿಯುದ್ದಕ್ಕೂ ನೆಲಕ್ಕೆ ಹಾಸುವ ಪರಸಿ ಕಲ್ಲುಗಳನ್ನು ಗೋಡೆಯಂತೆ ಒಟ್ಟಿರುತ್ತಿದ್ದರು. ನಾನು ಸುತ್ತಿ ಬರುವಷ್ಟರಲ್ಲಿ ನೀನು ಹಾರಿ ಆಚೆ ನಿಂತು ನಗುತ್ತಿದ್ದೆ. ಅಪ್ಪನ ಜೊತೆಗಾರ ಖಾಜಾಮಿಯಾ ಕಾಕಾ ಬೀಡಿ ಕೆಳಗಿಟ್ಟು ಹೇಳುತ್ತಿದ್ದ: “ಈ ಪೋರಗ ಹಾದಿ ಇದ್ರೂ ಗ್ವಾಡಿನೇ ಬೇಕು ನೋಡ್ರಿ.”

ಆಮೇಲೆ ಆ ಮಳೆಗಾಲ. ಹಳೆಯ ಗಣಿಯಲ್ಲಿ ಹಸಿರು ನೀರು ನಿಂತಿತ್ತು. ಈ ಬಂಡೆಯಿಂದ ಆ ಬಂಡೆಗೆ ಹಾರಲು ಹೋಗಿ ನೀನು ಮುಳುಗಿದೆ. ಈಜು ಬಾರದ ಅಪ್ಪ ಹಿಂದೆಯೇ ಧುಮುಕಿದ. ಕಾಕಾ ತಲೆಯ ರುಮಾಲು ಬಿಚ್ಚಿ ಎಸೆದು ಇಬ್ಬರನ್ನೂ ಎಳೆದುಕೊಂಡ. ಅಪ್ಪ ನಿನ್ನನ್ನು ಬೈಯಲಿಲ್ಲ, ತೊಡೆಯ ಮೇಲೆ ಹಾಕಿಕೊಂಡು ನಡುಗುತ್ತ ಕೂತಿದ್ದ. ಮರುದಿನದಿಂದ ಅಪ್ಪ ಗಣಿಯ ಹಾದಿ ಬಿಡಿಸಿದ, ನಮಗೆ ಡಾಂಬರು ರಸ್ತೆಯೇ ಗತಿಯಾಯಿತು. ನೀನು ಅದರ ಮೇಲೆಯೇ ಓಡಿದೆ, ಚಿತ್ತಾಪುರದವರೆಗೂ ಓಡಿದೆ. ಊರೆಲ್ಲ ಹೊಗಳಿತು. ಆದರೆ ಆ ನಗು ಮತ್ತೆ ನೋಡಲಿಲ್ಲ, ತಮ್ಮಾ. ಹೋದ ವರ್ಷ ಕಲಬುರ್ಗಿಯ ಮೈದಾನದಲ್ಲಿ ನೀನು ಲೆಕ್ಕ ಬಿಡಿಸುವವನ ಮುಖ ಮಾಡಿಕೊಂಡು ಸುತ್ತು ಹಾಕುತ್ತಿದ್ದೆ. ನನಗೆ ಚಪ್ಪಾಳೆ ತಟ್ಟಲೂ ಮನಸ್ಸಾಗಲಿಲ್ಲ.

ಅದಕ್ಕೇ ಹೇಳುತ್ತೇನೆ, ಒಪ್ಪಿಕೋ. ಭಯವಾದರೆ ಕೋಚರಿಗೆ ಭಯವೆಂದೇ ಹೇಳು, ಮೊಣಕಾಲಿನ ಮೇಲೆ ಹಾಕಬೇಡ. ನಿನ್ನ ಕಾಲಿಗೆ ಬಲ ಬರಲಿ, ಅದಕ್ಕಿಂತ ಮೊದಲು ಎದೆಗೆ ಬರಲಿ. ಕೋಣೆಯ ಗೆಳೆಯರನ್ನೂ ಕೇಳಿದೆನೆಂದು ಹೇಳು.

ನಿನ್ನ ಅಕ್ಕ,
ಶಿವಕಾಂತಮ್ಮ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು, ಆದರೂ ಇದನ್ನು ಬರೆಯಲೇಬೇಕು. ನಿನ್ನ ಪತ್ರ ಕೇಳಿದಂದಿನಿಂದ ಅಪ್ಪ ದಿನಾ ಮೈಯೆಲ್ಲ ಮಣ್ಣಾಗಿ ಬರುತ್ತಿದ್ದ. ಕೇಳಿದರೆ ಕೈಕಾಲು ತೊಳೆಯಲು ಹೋಗಿಬಿಡುತ್ತಿದ್ದ. ಇಂದು ಹಿಂದೆಯೇ ಹೋದೆ. ಜೋಳ ಕೊಯ್ದ ನಮ್ಮ ಹೊಲದಲ್ಲಿ ಅವನೂ ಕಾಕಾನೂ ಗುಂಡಿ ತೋಡಿ, ಬಾವಿಯ ನೀರು ತುಂಬಿ, ಮುಂದೆ ಒಂದು ತೊಲೆ ಅಡ್ಡ ಇಟ್ಟಿದ್ದಾರೆ. ನಾನು ನೋಡುತ್ತಿದ್ದಂತೆಯೇ ಅಪ್ಪ ಧೋತರ ಎತ್ತಿ ಕಟ್ಟಿ, ಓಡಿ ಬಂದು, ತೊಲೆಯ ಮೇಲೆ ಕಾಲಿಟ್ಟು ಹಾರಿ, ಗುಂಡಿಯ ಮಧ್ಯದ ನೀರಿನಲ್ಲೇ ಬಿದ್ದ. ಕಾಕಾ ಹಿಡಿಯಲು ಹೋದರೆ ಬೇಡವೆಂದು ಕೈ ಮಾಡಿ ಅಲ್ಲೇ ಕೂತ. ನನ್ನತ್ತ ನೋಡಿ ಹೇಳಿದ: “ನೀರು ಮೊಣಕಾಲಮಟನೇ ಅದ. ಅಂವಗ ಬರಿ, ನಾ ಕುಂತು ನೋಡೀನಿ ಅಂತ.”