ಒಳಗೋಡೆಯ ಬಿಸಿಲು

ಫೆಬ್ರವರಿ ೧೨, ಸೋಮವಾರ. ಸಂಜೆ

ಶಾಲೆ ಬಿಟ್ಟೊಡನೆ ಬಣ್ಣದ ಡಬ್ಬಿ ಹಿಡಿದು ಮತ್ತೆ ಮೇನ್ ರೋಡಿಗೆ. ಹಗರಿಬೊಮ್ಮನಹಳ್ಳಿಯ ರಸ್ತೆ ಅಗಲ ಮಾಡುತ್ತಿದ್ದಾರೆ. ಮನೆಗಳ ಮುಂಭಾಗವೆಲ್ಲ ಬಿದ್ದಿದೆ. ಒಂದು ಅಡುಗೆಕೋಣೆ ರಸ್ತೆಗೇ ತೆರೆದು ನಿಂತಿದೆ. ಹಸಿರು ಗೋಡೆ, ಒಲೆಯ ಮೇಲೆ ಹೊಗೆಯ ಕಪ್ಪು. ಇಳಿಬಿಸಿಲು ನೇರ ಒಳಗೆ ನುಗ್ಗಿ ಆ ಹಸಿರು ಉರಿಯುತ್ತಿತ್ತು... ಎಷ್ಟು ಹಳದಿ ಬೆರೆಸಿದರೂ ಸಿಗಲಿಲ್ಲ. ಡ್ರಾಯಿಂಗ್ ಟೀಚರ್ ಅಂತೆ ನಾನು!

೧೩, ಮಂಗಳವಾರ

ಹಸಿರು ಸಿಕ್ಕಿತು. ಖುಷಿಗೆ ಜೋರಾಗಿ ನಕ್ಕೆನೋ ಏನೋ — ಇಟ್ಟಿಗೆ ರಾಶಿಯ ಮೇಲೆ ಕೂತಿದ್ದ ಹೆಂಗಸು ಎದ್ದು ಬಂದಳು. ಪಕ್ಕೀರಮ್ಮ. ಮನೆ ಆಕೆಯದೇ.

"ನಮ್ಮ ಮನಿ ಮುರಿದಿದ್ದು ನಿನಗ ಚಂದ ಕಾಣ್ತೈತೇನವ್ವ?"

"ಹಂಗಲ್ಲಮ್ಮ, ಆ ಬೆಳಕು..."

"ಬಸ್ಸಿನಾಗ ಹೋಗೋರೆಲ್ಲ ನಮ್ಮ ಬಚ್ಚಲಾ ನೋಡ್ತಾರ. ನೀನೂ ನೋಡು."

ಬಣ್ಣದ ಡಬ್ಬಿ ಮುಚ್ಚಿ ಎದ್ದು ಬಂದೆ.

೧೭, ಶನಿವಾರ

ಆ ಕಡೆ ಹೋಗಿಲ್ಲ. ಮನೆಯಲ್ಲೇ ನೆನಪಿನಿಂದ ಬರೆದೆ. ಬಿಸಿಲಿದೆ, ಹಸಿರಿದೆ — ಜೀವವಿಲ್ಲ. ಹರಿದೆ. ಮತ್ತೆ ಬರೆದೆ, ಮತ್ತೆ ಹರಿದೆ. ಕೂತಲ್ಲಿ ಕೂರಲಾಗುತ್ತಿಲ್ಲ. ಗೋಡೆ ಬಿದ್ದದ್ದೇ ಒಳ್ಳೆಯದಾಯಿತು ಅಂತ ಒಂದು ಗಳಿಗೆ ಅನ್ನಿಸಿತ್ತಲ್ಲ ನನಗೆ...

೧೯, ಸೋಮವಾರ

ಹೋದೆ. ಕೇಳಿಯೇ ಬಿಟ್ಟೆ. "ಚಿತ್ರ ಬರೀಲೇನಮ್ಮ?"

ಪಕ್ಕೀರಮ್ಮ ಹಸಿರು ಗೋಡೆಯತ್ತ ನೋಡಿದಳು. "ಬರಿ. ಆದ್ರ ಒಡದಂಗ ಬ್ಯಾಡ. ಗ್ವಾಡಿ ಕಟ್ಟಿ ಬರಿ. ನಾಳಿ ಉಳಿದದ್ದೂ ಕೆಡವ್ತಾರ."

"ಗ್ವಾಡಿ ಕಟ್ಟಿದ್ರ ಒಳಗ ಬಿಸಿಲು ಬರಂಗಿಲ್ಲಲ್ಲ?"

"ಎಂದು ಬಂದಿತ್ತವ್ವ? ಹಗಲೊತ್ತಿನಾಗೂ ಬಲ್ಬ್ ಹಾಕ್ಕೊಂಡೇ ರೊಟ್ಟಿ ಬಡದೀನಿ."

ಆ ಬಿಸಿಲನ್ನು ಬಿಡಬೇಕು. ನನ್ನ ಹಸಿರನ್ನೂ.

೨೦, ಮಂಗಳವಾರ. ಮಧ್ಯಾಹ್ನ

ರಜೆ ಹಾಕಿದೆ. ಹೊಸ ಹಾಳೆ. ಮುಂಗೋಡೆ ಕಟ್ಟಿದೆ — ಸುಣ್ಣದ ಬಿಳಿಗೆ ಚೂರು ನೀಲಿ. ಅರೆ ತೆರೆದ ಬಾಗಿಲು, ಒಳಗೆ ಬಲ್ಬಿನ ಹಳದಿ. ಪಕ್ಕೀರಮ್ಮ ಬಗ್ಗಿ ನೋಡಿದಳು. "ಹೂಂ, ಇದು ನಮ್ಮನಿ. ನಾ ಎಲ್ಲದೀನಿ?" ಎಂದವಳೇ ಹೊಸ್ತಿಲಿದ್ದ ಜಾಗದಲ್ಲಿ ಸೆರಗು ಸರಿಮಾಡಿಕೊಂಡು ನಿಂತಳು. ಈಗ ಅದು ರಸ್ತೆ.

ಅಷ್ಟರಲ್ಲಿ ಜೆಸಿಬಿ ಬಂತು. ಹಾರ್ನ್ ಮೇಲೆ ಹಾರ್ನ್.

"ಸರೀರಿ ಅಮ್ಮ!" ಡ್ರೈವರ್ ಕೂಗಿದ.

"ತಡಿಯಪ್ಪ. ಇನ್ನಾ ನನ್ನ ಮುಖ ಆಗಿಲ್ಲ."

ಆತ ಇಂಜಿನ್ ಆಫ್ ಮಾಡಿದ. ಬೇಗ ಬೇಗ ಸೀರೆ ಮುಗಿಸಿದೆ, ಮುಖ ಮುಗಿಸಿದೆ. ಪಕ್ಕೀರಮ್ಮ ಹಾಳೆ ಇಸಕೊಂಡು ರಸ್ತೆ ದಾಟಿದಳು.

ಹಿಂದೆ ಗೋಡೆ ಬಿತ್ತು. ಆಕೆ ತಿರುಗಿ ನೋಡಲಿಲ್ಲ. ಧೂಳು ಕೂರದಿರಲೆಂದು ಚಿತ್ರವನ್ನು ಸೆರಗಿನೊಳಗೆ ಎದೆಗೆ ಒತ್ತಿಕೊಂಡಳು. ಬಣ್ಣ ಇನ್ನೂ ಆರಿಲ್ಲಮ್ಮ ಎನ್ನುವಷ್ಟರಲ್ಲಿ ಕುಪ್ಪಸಕ್ಕೆಲ್ಲ ಬಲ್ಬಿನ ಹಳದಿ —