ಜಾಮೀನುದಾರರ ಪ್ರತಿ

ಜೂನ್ 3, ಸೋಮವಾರ

ಇವತ್ತೂ ಹದಿನಾಲ್ಕು ನೋಟೀಸು. ಬ್ಯಾಂಕಿನ ಸಾಲ ಕಟ್ಟದವರಿಗೆ. ಹಳೇ ಫೈಲ್ ತೆರೆ, ಹೆಸರು ಅಳಿಸು, ಹೊಸ ಹೆಸರು ಹಾಕು, ಪ್ರಿಂಟ್ ಕೊಡು. ಒಂಬತ್ತು ವರ್ಷದಿಂದ ಇದೇ. ವಕೀಲರು ನಮ್ಮ ಸಾಹೇಬರು, ಬರೆಯುವವಳು ನಾನು. ಅವರು ಓದುವುದಿಲ್ಲ, ಸಹಿ ಹಾಕುತ್ತಾರೆ.

ಲಾ ಕಾಲೇಜಿನ ಪತ್ರ ಇನ್ನೂ ಡ್ರಾಯರಿನಲ್ಲೇ. ಸೀಟು ಸಿಕ್ಕಿದೆ. ಮೂರು ವರ್ಷಕ್ಕೆ ಆರು ಲಕ್ಷ. ಇಪ್ಪತ್ತೊಂದನೇ ತಾರೀಖಿನೊಳಗೆ ಸಾಲದ ಅರ್ಜಿ ಕೊಡಬೇಕು, ಜಾಮೀನಿಗೆ ಒಬ್ಬರ ಸಹಿ ಬೇಕು. ಯಾರಿಗೂ ಹೇಳಿಲ್ಲ. ಹೇಳೋಣವೆಂದರೆ ಯಾರಿದ್ದಾರೆ... ಓನರಮ್ಮ ಬಾಡಿಗೆಯ ದಿನ ಬಿಟ್ಟರೆ ಮುಖ ತೋರಿಸುವುದಿಲ್ಲ.

ಜೂನ್ 6, ಗುರುವಾರ

ಸಾಹೇಬರಿಗೆ ಹೇಳಿಯೇಬಿಟ್ಟೆ. ನಕ್ಕರು.

"ಮೂವತ್ತಾರಾಯ್ತು ನಿಂಗೆ. ಓದಿ, ಕೋಟು ಹಾಕ್ಕೊಂಡು, ಕಕ್ಷಿದಾರರು ಸಿಗೋ ಹೊತ್ತಿಗೆ ತಲೆ ನನ್ನ ಥರ ಬೆಳ್ಳಗಾಗಿರುತ್ತೆ. ಸಂಬಳದ್ದು ನೋಡೋಣ ಬಿಡಮ್ಮ."

ಒಂಬತ್ತು ವರ್ಷದಿಂದ ನೋಡುತ್ತಲೇ ಇದ್ದಾರೆ ಪುಣ್ಯಾತ್ಮರು.

ಜೂನ್ 7, ಶುಕ್ರವಾರ

ಇವತ್ತಿನ ನೋಟೀಸುಗಳಲ್ಲಿ ಒಂದು ಕಾನೂನು ಓದಿದವನಿಗೇ. ಓದಲು ಮಾಡಿದ ಸಾಲ. ಜಾಮೀನು ಅವನಪ್ಪ.

ಊಟದ ಬಿಡುವಿನಲ್ಲಿ ಹುಚ್ಚು ಕೆಲಸ ಮಾಡಿದೆ. ಅದೇ ನೋಟೀಸಿನ ಇನ್ನೊಂದು ಪ್ರತಿ ಮಾಡಿ ನನ್ನ ಹೆಸರು ಹಾಕಿದೆ. ಅಪ್ಪನ ಜಾಗದಲ್ಲಿ ಅಮ್ಮನ ಹೆಸರು, ವಿಳಾಸ. ಹೇಗೆ ಕಾಣುತ್ತದೆ ನೋಡೋಣ ಅಂತ. "ಹದಿನೈದು ದಿನದೊಳಗೆ ಪಾವತಿಸತಕ್ಕದ್ದು, ತಪ್ಪಿದಲ್ಲಿ..." ಎರಡು ಸಲ ಓದಿದೆ. ಅಷ್ಟರಲ್ಲಿ ಸಾಹೇಬರು ಕರೆದರು, ಎದ್ದು ಹೋದೆ.

ಅಮ್ಮ ಅಷ್ಟು ದೂರದಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಕೂತಿರುತ್ತಾಳೆ. ಫೋನ್ ಮಾಡಿ ಮೂರು ವಾರ. ಮಾಡಿದರೂ "ಚೆನ್ನಾಗಿದ್ಯಾ?" "ಹ್ಞೂಂ." ಅಷ್ಟೇ.

ಜೂನ್ 14, ಶುಕ್ರವಾರ

ಸೀಟು ಬೇಡವೆಂದು ಕಾಲೇಜಿಗೆ ಪತ್ರ ಬರೆದೆ. ಕಳಿಸಿಲ್ಲ. ಒಬ್ಬಳೇ ಎಷ್ಟಂತ ಯೋಚನೆ ಮಾಡಲಿ.

ಜೂನ್ 18, ಮಂಗಳವಾರ

ಬೆಳಿಗ್ಗೆ ಆಫೀಸಿಗೆ ಬಂದರೆ ಕಕ್ಷಿದಾರರ ಬೆಂಚಿನ ಮೇಲೆ ಅಮ್ಮ. ಕೊರಳಲ್ಲಿ ಅಳತೆ ಟೇಪು ಹಾಗೇ ಇದೆ. ಕೈಯಲ್ಲಿ ರಿಜಿಸ್ಟರ್ಡ್ ಕವರು.

ಅಯ್ಯೋ. ಆ ಹುಚ್ಚು ನೋಟೀಸು ಅಳಿಸಿರಲೇ ಇಲ್ಲ. ಉಳಿದವುಗಳ ಜೊತೆ ಪ್ರಿಂಟ್ ಆಗಿ, ಸಾಹೇಬರ ಸಹಿ ಬಿದ್ದು, ಅಂಚೆಗೆ ಹೋಗಿದೆ.

"ಯಾವ ಬ್ಯಾಂಕಿನ ಕೇಸಮ್ಮ?" ಸಾಹೇಬರು ಕೇಳಿದರು.

"ನನ್ನ ಮಗಳದ್ದು," ಎಂದು ಅಮ್ಮ ನನ್ನನ್ನು ತೋರಿಸಿದಳು.

ಸಾಹೇಬರು ನೋಟೀಸು ಪೂರ್ತಿ ಓದಿದರು. ನಿಂತೇ ಓದಿದರು. ಕೆಳಗೆ ತಮ್ಮ ಸಹಿಯನ್ನೂ ನೋಡಿಕೊಂಡರು. "ನೋಟೀಸು ಮಾತ್ರ ಚೆನ್ನಾಗಿ ಬರ್ದಿದ್ಯ," ಎಂದು ಒಳಗೆ ಹೋದರು.

"ಫೋನ್ ಮಾಡೋದಲ್ವಾಮ್ಮ?"

"ಕೆಲ್ಸ ಕೊಟ್ಟೋರೇ ನೋಟೀಸು ಕಳ್ಸಿದಾರೆ. ಎಂಥ ಕಷ್ಟದಲ್ಲಿದ್ಯೋ ಅಂತ ಕೇಳೋಕೆ ಧೈರ್ಯ ಬರ್ಲಿಲ್ಲ. ಸಹಿ ಯಾವಾಗ ಹಾಕ್ದೆ ಅಂತ ನೆನಪಿಲ್ಲ ಕಣೇ. ನಾನೇ ಮರ್ತಿರ್ಬೇಕು. ನೀನು ಕೇಳಿದ್ರೆ ಹಾಕೇ ಇರ್ತೀನಲ್ಲ."

ಬೆಂಚಿನ ಮೇಲೆ ಅವಳ ಪಕ್ಕ ಕೂತೆ.

"ಸಾಲ ಹೇಗೋ ಕಟ್ಟೋಣ. ಓದು ಮುಗೀತಾ? ಅಷ್ಟು ಹೇಳು."

"ಇನ್ನೂ ಸೇರೇ ಇಲ್ಲಮ್ಮ."

ಎಲ್ಲ ಹೇಳಿದೆ. ಬೈಯಲಿಲ್ಲ. ಟೇಪು ತೆಗೆದು ಬೆರಳಿಗೆ ಸುತ್ತುತ್ತ ಕೂತಳು. ಆಮೇಲೆ ಸಣ್ಣಗೆ, "ಬಸ್ಸಲ್ಲಿ ಪಕ್ಕದೋಳಿಗೆ ನನ್ ಮಗಳು ಲಾಯರು ಅಂದ್ಬಿಟ್ನಲ್ಲೇ," ಎಂದಳು.

ಜೂನ್ 21, ಶುಕ್ರವಾರ. ಮಧ್ಯಾಹ್ನ 3

ಬ್ಯಾಂಕು. ಟೋಕನ್ 42, ಈಗ 40. ಕಾಲೇಜಿಗೆ ಬರೆದ ಪತ್ರ ಹರಿದು ಹಾಕಿದೆ. ಭಯ ಹೋಗಿಲ್ಲ. ಓದಿ ಮುಗಿಸಿದರೂ ತೀರಿಸುತ್ತೇನೋ ಇಲ್ಲವೋ, ದೇವರೇ ಬಲ್ಲ.

ಪಕ್ಕದಲ್ಲಿ ಅಮ್ಮ ಕನ್ನಡಕ ಹಾಕಿಕೊಂಡು ಜಾಮೀನಿನ ಫಾರಂ ಓದುತ್ತಿದ್ದಾಳೆ. ಬೆರಳಿಟ್ಟು, ಒಂದು ಅಕ್ಷರ ಬಿಡದೆ. "ಈ ಸಲ ಹಾಕಿದ್ದು ನೆನಪಿರ್ಬೇಕಲ್ಲ" ಅಂತೆ. ಈಗ ಪೆನ್ ಕೇಳುತ್ತಿದ್ದಾಳೆ. ಇರೋದು ಇದೊಂದೇ, ಕೊಡ—